ಮೌಲ್ಯಗಳ 83 ಕಾರ್ಡು: ಮನೆಯವರೆಲ್ಲ ಕೂತು ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಕಾರ್ಡುಗಳಿಗೆ ನಾನು 5ಕ್ಕೆ 4 ಕೊಡುತ್ತೇನೆ. ಒಂದು ಅಂಕ ಯಾಕೆ ಕಡಿಮೆ ಅಂತ ಕೆಳಗೆ ಬರೆದಿದ್ದೇನೆ. ಉಳಿದ ನಾಲ್ಕರಲ್ಲಿ ಎರಡಾದರೂ ನಮ್ಮ ಅತ್ತೆಯಿಂದ ಬಂದ ಅಂಕ. ಅದನ್ನೂ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಹೆಸರು ಪರ್ಸನಲ್ ವ್ಯಾಲ್ಯೂಸ್ ಕಾರ್ಡ್ ಸಾರ್ಟ್. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ವಿಲಿಯಂ ಮಿಲ್ಲರ್ ಅನ್ನುವ ಮನಃಶಾಸ್ತ್ರಜ್ಞರು ತಮ್ಮ ಜೊತೆಗಾರರ ಸಂಗಡ 2001ರಲ್ಲಿ ಮಾಡಿದ್ದು. ಒಟ್ಟು 83 ಕಾರ್ಡು. ಒಂದೊಂದರ ಮೇಲೂ ಒಂದು ಮೌಲ್ಯದ ಹೆಸರು, ಅದರ ಕೆಳಗೆ ಒಂದೇ ಸಾಲಿನ ವಿವರಣೆ. ಇವುಗಳ ಜೊತೆ ಮೂರು ತಲೆಬರಹದ ಕಾರ್ಡು ಇರುತ್ತವೆ: ನನಗೆ ಮುಖ್ಯವಲ್ಲ, ಮುಖ್ಯ, ತುಂಬಾ ಮುಖ್ಯ. ಇವನ್ನು ಮೇಜಿನ ಮೇಲೋ ಚಾಪೆಯ ಮೇಲೋ ಸಾಲಾಗಿ ಇಟ್ಟು, ಕೈಯಲ್ಲಿರುವ ಒಂದೊಂದು ಕಾರ್ಡನ್ನೂ ಮೂರರಲ್ಲಿ ಒಂದು ಗುಡ್ಡೆಗೆ ಹಾಕುತ್ತಾ ಹೋಗಬೇಕು. ಅಷ್ಟೇ ಕೆಲಸ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಯಾರು ಬೇಕಾದರೂ ನಕಲು ತೆಗೆದುಕೊಳ್ಳಬಹುದು, ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು ಅಂತ ಅವರೇ ಬಿಟ್ಟುಕೊಟ್ಟಿದ್ದಾರೆ. ಪಿಡಿಎಫ್ ಸಿಗುತ್ತದೆ. ನಾನು ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿದೆ. ಒಂದು ಹಾಳೆಗೆ ಒಂಬತ್ತು ಕಾರ್ಡಿನ ಹಾಗೆ 10 ಹಾಳೆ, ಕಟ್ಟಿಂಗ್ ಸೇರಿ 200 ರೂಪಾಯಿ ಆಯಿತು. ತೆಳು ಹಾಳೆಯಲ್ಲಿ ಮಾಡಿಸಬೇಡಿ, ಫ್ಯಾನ್ ಗಾಳಿಗೆ ಎಲ್ಲಾ ಹಾರಿಹೋಗುತ್ತವೆ.

ಇದರ ಹಿಂದೆ ಬಿದ್ದದ್ದು ಯಾಕೆ ಅಂದರೆ, ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್. 17 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಈ ವರ್ಷ ಬೆಂಗಳೂರಿನ ಒಂದು ಶಾಲೆಯಿಂದ ಪ್ರಿನ್ಸಿಪಾಲ್ ಹುದ್ದೆಗೆ ಕರೆ ಬಂತು. ಸಂಬಳ ಈಗಿನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ರಾತ್ರಿ ಹೋಗೋಣ ಅಂತ ಮಲಗಿದರೆ ಬೆಳಗ್ಗೆ ಹಾಲು ಕಾಯಿಸುವ ಹೊತ್ತಿಗೆ ಬೇಡ ಅನಿಸುತ್ತಿತ್ತು. ಯಾರನ್ನು ಕೇಳಿದರೂ "ಇಂಥಾ ಅವಕಾಶ ಯಾರು ಬಿಡ್ತಾರೆ" ಅನ್ನುವವರೇ. ಅವರ ಮಾತೂ ಸುಳ್ಳಲ್ಲ, ಆದರೆ ನನಗೆ ಯಾಕೆ ಮನಸ್ಸು ಒಪ್ಪುತ್ತಿಲ್ಲ ಅನ್ನುವುದಕ್ಕೆ ಅದರಲ್ಲಿ ಉತ್ತರ ಇರಲಿಲ್ಲ.

ಆಗ ಮೊದಲು ಒಂದು ದಿನದ ಕಾರ್ಯಾಗಾರಕ್ಕೆ 4500 ರೂಪಾಯಿ ಕಟ್ಟಿ ಹೋದೆ. ನಡೆಸಿದವರ ಹೆಸರು ಬೇಡ. ಸುಮಾರು ಐವತ್ತು ಪದಗಳ ಒಂದು ಪಟ್ಟಿ ಕೊಟ್ಟು, ಹತ್ತು ನಿಮಿಷದಲ್ಲಿ ಐದಕ್ಕೆ ಟಿಕ್ ಹಾಕಿ ಅಂದರು. ಪ್ರಾಮಾಣಿಕತೆ, ಕುಟುಂಬ, ಆರೋಗ್ಯ ಅಂತ ನಾನು ಹಾಕಿದೆ. ಅಕ್ಕಪಕ್ಕದವರೂ ಅದನ್ನೇ ಹಾಕಿದ್ದರು. ಒಳ್ಳೆಯ ಪದಗಳ ಪಟ್ಟಿ ಮುಂದಿಟ್ಟರೆ ಯಾರಾದರೂ ಒಳ್ಳೆಯದನ್ನೇ ಆರಿಸುತ್ತಾರೆ, ಅಲ್ವಾ? ಮಧ್ಯಾಹ್ನದ ಮೇಲೆ ಆರು ತಿಂಗಳ ಇನ್ನೊಂದು ಕೋರ್ಸಿಗೆ ಸೇರಿಸುವ ಮಾತೇ ಜಾಸ್ತಿ ಆಯಿತು. ಸಂಜೆ ಬಸ್ಸಿನಲ್ಲಿ ವಾಪಸ್ ಬರುವಾಗ ನಿಜಕ್ಕೂ ಬೇಜಾರಾಗಿತ್ತು. ಆಮೇಲೆ ಪರಿಚಯದ ಕೌನ್ಸೆಲರ್ ಒಬ್ಬರು ಈ ಕಾರ್ಡಿನ ವಿಷಯ ಹೇಳಿದರು.

ಪಟ್ಟಿಗೂ ಕಾರ್ಡಿಗೂ ವ್ಯತ್ಯಾಸ ಇರುವುದು ಕೈಯಲ್ಲಿ. ಪಟ್ಟಿಯಲ್ಲಿ ಬೇಡದ್ದರ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗಬಹುದು. ಇಲ್ಲಿ ಒಂದೊಂದನ್ನೂ ಎತ್ತಿ, ಓದಿ, ಎಲ್ಲಿಗಾದರೂ ಹಾಕಲೇಬೇಕು. "ಕೀರ್ತಿ", "ಅಂದ", "ಅಧಿಕಾರ" ಇಂಥವನ್ನು ಕೂಡ. ಮೊದಲ ಸುತ್ತು ಮುಗಿದಾಗ ನನ್ನ ತುಂಬಾ ಮುಖ್ಯದ ಗುಡ್ಡೆಯಲ್ಲಿ 34 ಕಾರ್ಡು ಇದ್ದವು. ಅದನ್ನು ಹತ್ತಕ್ಕೆ ಇಳಿಸಬೇಕು. ನಿಜವಾದ ಕಷ್ಟ ಅಲ್ಲಿ ಶುರುವಾಗುತ್ತದೆ. "ಸ್ವಾತಂತ್ರ್ಯ" ಉಳಿಸಿಕೊಂಡು "ಸ್ಥಿರತೆ" ಬಿಡಬೇಕೋ, ಅದನ್ನು ಉಳಿಸಿ ಇದನ್ನು ಬಿಡಬೇಕೋ ಅಂತ ನಾನು ಒಂದು ಕಾಫಿ ಆರುವಷ್ಟು ಹೊತ್ತು ಸುಮ್ನೆ ಕೂತಿದ್ದೆ. ಎರಡು ತಿಂಗಳಿಂದ ತಲೆ ತಿನ್ನುತ್ತಿದ್ದದ್ದು ಇದೇ ಅಂತ ಆಗ ಗೊತ್ತಾಯಿತು. ಆ ಜಗಳಕ್ಕೆ ಹೆಸರು ಸಿಕ್ಕಿದ್ದೇ ದೊಡ್ಡ ಸಮಾಧಾನ.

ಈ ಎಳೆದಾಟ ನನ್ನೊಬ್ಬಳದೇ ಅಲ್ಲ. ಶಾಲೊಮ್ ಶ್ವಾರ್ಟ್ಜ್ ಅನ್ನುವ ಇಸ್ರೇಲಿನ ಮನಃಶಾಸ್ತ್ರಜ್ಞರು 20 ದೇಶಗಳಲ್ಲಿ ಮಾಹಿತಿ ಸೇರಿಸಿ 1992ರಲ್ಲಿ ಒಂದು ಸಿದ್ಧಾಂತ ಪ್ರಕಟಿಸಿದರು. ಜನರ ಮೌಲ್ಯಗಳನ್ನು ಹತ್ತು ಗುಂಪು ಮಾಡಿ ಒಂದು ವೃತ್ತದಲ್ಲಿ ಕೂರಿಸಿದ್ದಾರೆ. ಪಕ್ಕಪಕ್ಕದವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಎದುರುಬದುರಿನವು ಎಳೆದಾಡುತ್ತವೆ. ತನ್ನ ದಾರಿ ತಾನೇ ಆರಿಸಿಕೊಳ್ಳುವುದು, ಹೊಸತನ್ನು ಹುಡುಕುವುದು ಒಂದು ಕಡೆ. ಭದ್ರತೆ, ಸಂಪ್ರದಾಯ, ಎಲ್ಲರ ಜೊತೆ ಹೊಂದಿಕೊಂಡು ಹೋಗುವುದು ಅದರ ಎದುರಿಗೆ. ತಾನು ಮೇಲೆ ಬರಬೇಕು ಅನ್ನುವುದರ ಎದುರಿಗೆ ಇನ್ನೊಬ್ಬರ ಒಳಿತು. ಎರಡೂ ಒಬ್ಬರೊಳಗೇ ಇರುತ್ತವೆ. ಯಾವುದಾದರೂ ಒಂದು ನಿರ್ಧಾರ ತೆಗೆದುಕೊಳ್ಳಬೇಕಾದಾಗ ಮಾತ್ರ ಇವು ಮುಖಾಮುಖಿ ಆಗುತ್ತವೆ. ನನಗೆ ಬೆಂಗಳೂರಿನ ಕರೆ ಬರುವವರೆಗೂ ಎರಡೂ ಸುಮ್ಮನೆ ಒಂದೇ ಮನೆಯಲ್ಲಿ ಬಾಳಿಕೊಂಡಿದ್ದವು.

ಕಾರ್ಡು ಇರುವುದು ಇಂಗ್ಲಿಷಿನಲ್ಲಿ. ಒಂದು ಅಂಕ ಕಳೆದಿರುವುದಕ್ಕೆ ಅರ್ಧ ಕಾರಣ ಇದು. ಮನೆಯವರ ಜೊತೆ ಮಾಡಬೇಕು ಅನಿಸಿದ್ದರಿಂದ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಯಲು ಕೂತೆ. ಮೂರು ಸಂಜೆ ಹಿಡಿಯಿತು. ಕೆಲವು ಸಲೀಸು: ಗೆಳೆತನ, ಕ್ಷಮೆ, ಸರಳತೆ. ಕೆಲವಕ್ಕೆ ಒಂದು ಪದ ಸಾಲದು. ಏಕಾಂತ ಅಂತ ಬರೆಯಬೇಕಾದಲ್ಲಿ ಮೊದಲು ಒಂಟಿತನ ಅಂತ ಬರೆದುಬಿಟ್ಟಿದ್ದೆ. ಒಂಟಿತನ ಯಾರಿಗೆ ಬೇಕು? ಹೊಡೆದು ಹಾಕಿ ಮತ್ತೆ ಬರೆದೆ. ನೀವು ಮಾಡುವುದಾದರೆ ಹೆಸರು ಮಾತ್ರ ಬರೆದು ಬಿಡಬೇಡಿ, ವಿವರಣೆಯ ಸಾಲನ್ನೂ ಬರೆಯಿರಿ. ನಮ್ಮ ಮನೆಯವರು "ಅಧಿಕಾರ" ಅನ್ನುವ ಕಾರ್ಡನ್ನು ನೋಡಿದ ತಕ್ಷಣ ಮುಖ್ಯವಲ್ಲ ಅಂತ ಆಚೆ ಹಾಕಿದರು. ಕೆಳಗಿನ ಸಾಲು ಓದಿ ಅಂದೆ. "ಇತರರ ಹೊಣೆ ಹೊತ್ತು ಮುಂದೆ ನಿಲ್ಲುವುದು" ಅಂತ ಓದಿ, ವಾಪಸ್ ತೆಗೆದು ಮುಖ್ಯದ ಗುಡ್ಡೆಗೆ ಇಟ್ಟರು. ಕನ್ನಡದಲ್ಲಿ ಅಧಿಕಾರ ಅಂದರೆ ನಮಗೆ ತಾಲೂಕು ಕಚೇರಿಯ ಕಿಟಕಿ ನೆನಪಾಗುತ್ತದೆ. ಪದಕ್ಕೆ ಅಂಟಿಕೊಂಡ ವಾಸನೆ ಲೆಕ್ಕ ತಪ್ಪಿಸುತ್ತದೆ. ದಾಂಪತ್ಯದ ಒಳಗಿನ ವಿಷಯದ ಎರಡು ಕಾರ್ಡು ಇವೆ, ಹಿರಿಯರ ಜೊತೆ ಕೂರುವ ಮೊದಲು ನಾನು ತೆಗೆದಿಟ್ಟೆ.

ಇವರದ್ದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಮದುವೆಯಾದಾಗಿನಿಂದ ನಮ್ಮಿಬ್ಬರಿಗೂ ಒಂದೇ ಒಂದು ಹಳೆಯ ಜಗಳ, ಅದು ಉದ್ರಿಯದು. ವಯರಿಂಗ್ ಕೆಲಸದ ಹುಡುಗರು, ಸಣ್ಣ ಮನೆ ಕಟ್ಟಿಸುವವರು ಯಾರು ಬಂದು ಆಮೇಲೆ ಕೊಡ್ತೀನಿ ಅಂದರೂ ಪುಸ್ತಕದಲ್ಲಿ ಬರೆದುಕೊಂಡು ಕೊಟ್ಟುಬಿಡುತ್ತಾರೆ. ಕೆಲವರದು ವರ್ಷ ಕಳೆದರೂ ಬರುವುದಿಲ್ಲ. "ನಿಮಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ" ಅಂತ ನಾನು ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ. ಅದು ದಾಕ್ಷಿಣ್ಯ, ಒಂಥರಾ ದುರ್ಬಲತೆ ಅಂತಲೇ ನಾನು ತಿಳಿದುಕೊಂಡಿದ್ದೆ. ಅವತ್ತು ಭಾನುವಾರ ಅವರ ಕಾರ್ಡು ಹತ್ತಕ್ಕೆ ಇಳಿದಾಗ ಮೇಲೆ ಇದ್ದದ್ದು "ಉದಾರತೆ", "ನೆರವು", "ನಂಬಿಕೆಗೆ ಅರ್ಹನಾಗಿರುವುದು". "ಸಂಪತ್ತು" ಎರಡನೇ ಗುಡ್ಡೆಯಲ್ಲಿ ಇತ್ತು. ಯಾಕ್ರೀ ಹೀಗೆ ಅಂತ ಕೇಳಿದ್ದಕ್ಕೆ "ಗೊತ್ತಿಲ್ಲ, ಹಾಗೇ ಅನ್ನಿಸ್ತು" ಅಂದರು. ಅಲ್ಲಿಗೆ ಬಿಟ್ಟೆ.

ಮುಂದಿನ ಭಾನುವಾರ ಅತ್ತೆ ಕೂತರು. ಅವರಿಗೆ 74 ವರ್ಷ. ಕನ್ನಡಕ ಹಾಕಿಕೊಂಡು, ಚಾಪೆಯ ಮೇಲೆ ಕಾಲು ಚಾಚಿ, ಅಕ್ಕಿ ಆರಿಸುವಾಗ ಹೇಗೆ ಒಂದೊಂದೇ ಕಲ್ಲು ಹೆಕ್ಕುತ್ತಾರೋ ಹಾಗೆ ನಿಧಾನಕ್ಕೆ ಒಂದೊಂದು ಕಾರ್ಡು ತೆಗೆದರು. ಪೂರ್ತಿ ಮುಗಿದ ಮೇಲೆ ಮತ್ತೆ ಒಂದು ಸಲ ಮೂರೂ ಗುಡ್ಡೆ ತಿರುವಿ ನೋಡಿದರು. ಏನೋ ಹುಡುಕುತ್ತಿದ್ದಾರೆ ಅನಿಸಿತು.

"ಋಣ ಎಲ್ಲಿದೆಯೇ?"

ಇಲ್ಲ ಅತ್ತೆ, ಅದು ಇಲ್ಲ, ಕರ್ತವ್ಯ ಇದೆ ನೋಡಿ ಅಂತ ಆ ಕಾರ್ಡು ತೋರಿಸಿದೆ.

"ಕರ್ತವ್ಯ ಬೇರೆ, ಋಣ ಬೇರೆ ಕಣೇ. ನಿಮ್ಮ ಮಾವನವರು ಹಾಸಿಗೆ ಹಿಡಿದಾಗ ಎಂಟು ತಿಂಗಳು ಆ ದಿನಸಿ ಅಂಗಡಿಯವರು ಒಂದು ಮಾತೂ ಆಡದೆ ಸಾಮಾನು ಕೊಟ್ಟರು. ದುಡ್ಡು ಆಮೇಲೆ ತೀರಿಸಿದ್ವಿ. ಋಣ ತೀರತ್ತಾ?"

ಇವರು ಬಾಗಿಲ ಹತ್ತಿರ ಪೇಪರ್ ಓದುತ್ತಾ ಕೂತಿದ್ದರು. ಪೇಪರ್ ಕೆಳಗಿಳಿಸಲಿಲ್ಲ. "ಆ ಅಕ್ಕಿ ಬೇಳೆ ತರೋಕೆ ಚೀಲ ಹಿಡ್ಕೊಂಡು ಹೋಗ್ತಾ ಇದ್ದದ್ದು ನಾನೇ" ಅಂದರು. ಆಗ ಅವರಿಗೆ ಹನ್ನೆರಡು ವರ್ಷ.

ನಾನು ಏನೂ ಮಾತಾಡಲಿಲ್ಲ. ಹತ್ತೊಂಬತ್ತು ವರ್ಷ ನಾನು ದಾಕ್ಷಿಣ್ಯ ಅಂತ ಬೈದದ್ದು ಒಬ್ಬ ಹುಡುಗ ಖಾಲಿ ಚೀಲ ಹಿಡಿದುಕೊಂಡು ಅಂಗಡಿ ಮುಂದೆ ನಿಂತು ಕಲಿತದ್ದು. ಆ ಹುಡುಗ ಈಗ ಗಲ್ಲಾಪೆಟ್ಟಿಗೆಯ ಈ ಕಡೆ ಕೂತಿದ್ದಾನೆ ಅಷ್ಟೇ. ಒಂದು ಮೌಲ್ಯ ಒಬ್ಬರ ನಡವಳಿಕೆಯನ್ನು ಹೇಗೆ ನಡೆಸುತ್ತದೆ ಅನ್ನುವುದನ್ನು ನಾನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು, ಅದಕ್ಕೆ ಆ 83ರಲ್ಲಿ ಹೆಸರೇ ಇರಲಿಲ್ಲ. ಕಾರ್ಡು ಮಾಡಿದವರು ಇದನ್ನು ಮುಂಚೆಯೇ ಯೋಚಿಸಿದ್ದಾರೆ, ಬೇರೆ ಮೌಲ್ಯ ಇದ್ದರೆ ಬರೆದುಕೊಳ್ಳಿ ಅಂತ ಖಾಲಿ ಕಾರ್ಡಿಗೆ ಜಾಗ ಬಿಟ್ಟಿದ್ದಾರೆ. ಅದರಲ್ಲಿ ಅತ್ತೆಯ ಕೈಯಲ್ಲೇ ಋಣ ಅಂತ ಬರೆಸಿದೆ. ಆಮೇಲೆ ಅವರೇ ಇನ್ನೊಂದು ಕೇಳಿ ತೆಗೆದುಕೊಂಡು ಮರ್ಯಾದೆ ಅಂತ ಬರೆದರು. ಜನಪ್ರಿಯತೆಗೆ ಕಾರ್ಡು ಇದೆ, ಕೀರ್ತಿಗೂ ಇದೆ. ನಾಲ್ಕು ಜನರ ಮುಂದೆ ತಲೆ ಎತ್ತಿ ನಿಲ್ಲುವ ನಮ್ಮ ಮರ್ಯಾದೆ ಅವೆರಡೂ ಅಲ್ಲ.

ಅತ್ತೆಯ ಗುಡ್ಡೆಯಲ್ಲಿ ಇನ್ನೊಂದು ಇತ್ತು. ನಾನು ಹೊಡೆದು ಹಾಕಿ ಬರೆದಿದ್ದೆನಲ್ಲ, ಆ "ಏಕಾಂತ". ತುಂಬಾ ಮುಖ್ಯದ ಹತ್ತರಲ್ಲಿ ಅದನ್ನು ಇಟ್ಟಿದ್ದರು. ನಾನು ತಪ್ಪಿ ಬಿದ್ದಿರಬೇಕು ಅಂದುಕೊಂಡು ಕೇಳಿದೆ. "ಇಲ್ಲವೇ, ಬೇಕು ಅಂತಲೇ ಇಟ್ಟೆ. ಮಧ್ಯಾಹ್ನ ನೀವೆಲ್ಲ ಹೋದ ಮೇಲೆ ಸಿಗತ್ತಲ್ಲ, ಅದು" ಅಂದರು.

ಇದನ್ನು ಬರೆಯುವಾಗಲೂ ನನಗೆ ಒಂಥರಾ ಆಗುತ್ತದೆ. ಯಾಕೆಂದರೆ ಆರೇಳು ವರ್ಷದಿಂದ ಪ್ರತಿದಿನ ಶಾಲೆಯ ಊಟದ ಬಿಡುವಿನಲ್ಲಿ, ಒಂದೂವರೆ ಗಂಟೆಗೆ ಸರಿಯಾಗಿ, ನಾನು ಮನೆಗೆ ಫೋನ್ ಮಾಡುತ್ತೇನೆ. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಬೇಜಾರಾಗ್ತಿದೆಯಾ ಅಂತ. ಒಬ್ಬರೇ ಇರುತ್ತಾರಲ್ಲ ಪಾಪ ಅಂತ. ನನ್ನ ಹತ್ತರಲ್ಲಿ ಮೊದಲು ಇದ್ದದ್ದೇ "ಕಾಳಜಿ". ಅವರು ಊಟ ಮುಗಿಸಿ, ಬಾಗಿಲು ಮುಂದೆ ಮಾಡಿಕೊಂಡು, ಹಿತ್ತಿಲ ಕಡೆಯ ಕಿಟಕಿ ಹತ್ತಿರ ಮಲಗಿ ತಮ್ಮ ಪಾಡಿಗೆ ಇರುವ ಹೊತ್ತು ಅದು. ಎದ್ದು ಬಂದು ಹಾಲಿನಲ್ಲಿರುವ ಫೋನ್ ತೆಗೆಯಬೇಕು. ಒಂದು ದಿನವೂ ಬೇಡ ಅನ್ನಲಿಲ್ಲ. ನನಗೆ ಯಾವುದು ಬೇಕೋ ಅದನ್ನೇ ಅವರಿಗೂ ಕೊಟ್ಟುಕೊಂಡು ಬಂದೆ. ಅದನ್ನೇ ಪ್ರೀತಿ ಅಂದುಕೊಂಡಿದ್ದೆ, ಪ್ರೀತಿಯೇ ಅದು, ಆದರೆ ಅವರನ್ನು ಒಮ್ಮೆ ಕೇಳಬೇಕಿತ್ತು.

ಅದಕ್ಕೇ ನನ್ನ ಮುಖ್ಯ ಮಾತು ಇದು: ಈ ಕಾರ್ಡನ್ನು ಒಬ್ಬರೇ ಕೂತು ಮಾಡಿದರೆ ಅರ್ಧ ಬೆಲೆ. ಒಂದೇ ಮನೆಯಲ್ಲಿರುವ ಇಬ್ಬರು ಮೂವರು ಮಾಡಿ. ಬೇರೆ ಬೇರೆಯಾಗಿ ಮಾಡಿ, ಆಮೇಲೆ ಒಟ್ಟಿಗೆ ಕೂತು ನೋಡಿ. ಇದು ಇಂಥದ್ದು, ಅದು ಅಂಥದ್ದು ಅಂತ ತೀರ್ಪು ಕೊಡಲು ಹೋಗಬೇಡಿ. "ಇದು ಯಾಕೆ ಇಲ್ಲಿ ಬಂತು" ಅಂತ ಒಂದು ಮಾತು ಕೇಳಿ ಸುಮ್ಮನಿರಿ.

ಹಾಗೆ ಕೇಳಿ ಸುಮ್ಮನಿರುವುದು ಈ ವಿಧಾನದ ಬೇರಿನಲ್ಲೇ ಇದೆ. ಮಿಲ್ಲರ್ ಕೆಲಸ ಮಾಡಿದ್ದು ಕುಡಿತದ ಚಟ ಇರುವವರ ಜೊತೆ. ಬಿಡು, ಹಾಳಾಗ್ತೀಯ ಅಂತ ಉಪದೇಶ ಮಾಡಿದಷ್ಟೂ ಮನುಷ್ಯ ತನ್ನದನ್ನೇ ಸಮರ್ಥಿಸಿಕೊಳ್ಳುತ್ತಾನೆ. ಅದರ ಬದಲು ನಿನಗೆ ಬದುಕಿನಲ್ಲಿ ಯಾವುದು ಮುಖ್ಯ ಅಂತ ಕೇಳಿ, ಅವನು ಹೇಳಿದ್ದಕ್ಕೂ ಅವನು ಬದುಕುತ್ತಿರುವುದಕ್ಕೂ ನಡುವೆ ಇರುವ ದೂರವನ್ನು ಅವನೇ ನೋಡುವಂತೆ ಮಾಡುವುದು ಅವರ ದಾರಿ. 1983ರಲ್ಲೇ ಇದನ್ನು ಬರೆದು ಪ್ರಕಟಿಸಿದ್ದರು.

ಆ ದೂರ ನನಗೂ ಕಂಡಿತು. "ಆರೋಗ್ಯ" ನನ್ನ ಹತ್ತರಲ್ಲಿ ಇತ್ತು. ಹಿಂದಿನ ತಿಂಗಳ ಯುಪಿಐ ಲೆಕ್ಕ ಮತ್ತು ಡೈರಿ ತೆಗೆದು ಎದುರಿಗಿಟ್ಟುಕೊಂಡೆ. ವಾಕಿಂಗ್ ಹೋದದ್ದು ಮೂರು ದಿನ. "ಜ್ಞಾನ" ಇತ್ತು, ಅದಕ್ಕೆ ಮಾತ್ರ ಸಾಕ್ಷಿ ಸಿಕ್ಕಿತು, ಪುಸ್ತಕ ಮತ್ತು ಮಕ್ಕಳ ಪ್ರಯೋಗದ ಸಾಮಾನಿಗೆ ಸಾಕಷ್ಟು ಖರ್ಚಾಗಿತ್ತು. ಕಾರ್ಡು ಹಾಕಿದ ಮೇಲೆ ಈ ಕೆಲಸ ತಪ್ಪದೆ ಮಾಡಿ. ದುಡ್ಡು ಮತ್ತು ಹೊತ್ತು ಎಲ್ಲಿ ಹೋಗಿದೆ ಅಂತ ನೋಡಿದರೆ ಯಾವುದು ನಿಜವಾಗಿ ನಡೆಸುತ್ತಿದೆ, ಯಾವುದು ಇರಲಿ ಅಂತ ಆಸೆಪಟ್ಟಿದ್ದು ಅನ್ನುವುದು ಬೇರೆಬೇರೆಯಾಗುತ್ತದೆ.

ಕಳೆದ ಅಂಕದ ಇನ್ನರ್ಧ ಈಗ. ಮೌಲ್ಯ ಗೊತ್ತಾದರೆ ನಡವಳಿಕೆಯೂ ಹಾಗೇ ಆಗುತ್ತದೆ ಅನ್ನುವ ಭಾವನೆ ಕಾರ್ಡಿನಿಂದ ಬರುತ್ತದೆ, ಆದರೆ ಅದು ಪೂರ್ತಿ ನಿಜ ಅಲ್ಲ. ಪರಿಸ್ಥಿತಿಯ ಬಗ್ಗೆ ಇದರಲ್ಲಿ ಒಂದು ಅಕ್ಷರವೂ ಇಲ್ಲ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ಡಾರ್ಲಿ ಮತ್ತು ಬ್ಯಾಟ್ಸನ್ ಒಂದು ಪ್ರಯೋಗ ಮಾಡಿದ್ದರು, 1973ರಲ್ಲಿ ಪ್ರಕಟವಾಯಿತು. ಪಕ್ಕದ ಕಟ್ಟಡಕ್ಕೆ ಹೋಗಿ ಭಾಷಣ ಮಾಡಬೇಕು ಅಂತ ಅವರನ್ನು ಕಳಿಸಿದರು. ಕೆಲವರ ಭಾಷಣದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಬೈಬಲ್ ಕಥೆ. ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಹೊತ್ತಿದೆ, ನಿಧಾನಕ್ಕೆ ಹೋಗಿ ಅಂತ ಹೇಳಿಸಿಕೊಂಡವರಲ್ಲಿ ನೂರಕ್ಕೆ 63ರಷ್ಟು ಮಂದಿ ನೆರವಿಗೆ ನಿಂತರು. ಆಗಲೇ ತಡವಾಯಿತು ಓಡಿ ಅಂತ ಹೇಳಿಸಿಕೊಂಡವರಲ್ಲಿ ನೂರಕ್ಕೆ 10ರಷ್ಟು. ಭಾಷಣದ ವಿಷಯಕ್ಕಿಂತ ಅವಸರವೇ ಹೆಚ್ಚು ಕೆಲಸ ಮಾಡಿತ್ತು.

ಇದನ್ನು ಓದಿದಾಗ ನನಗೆ ಒಂದು ಮಳೆಗಾಲದ ಬೆಳಗ್ಗೆ ನೆನಪಾಯಿತು. ಮೊದಲ ಪೀರಿಯಡ್ಡಿಗೆ ತಡವಾಗಿತ್ತು. ಸ್ಕೂಟರಿನಲ್ಲಿ ಹೋಗುತ್ತಿದ್ದೆ. ನಮ್ಮ ಶಾಲೆಯದೇ ಎಂಟನೇ ಕ್ಲಾಸಿನ ಹುಡುಗಿ ಸೈಕಲ್ ಚೈನ್ ಬಿದ್ದು ರಸ್ತೆ ಬದಿ ನೆನೆಯುತ್ತಾ ನಿಂತಿದ್ದಳು. ನೋಡಿದೆ, ನಿಲ್ಲಿಸಲಿಲ್ಲ. ಕಾಳಜಿಯನ್ನು ಮೊದಲ ಕಾರ್ಡು ಮಾಡಿಕೊಂಡವಳು ನಾನೇ. ಈಗ ಹತ್ತು ನಿಮಿಷ ಮುಂಚೆ ಮನೆ ಬಿಡುತ್ತೇನೆ. ಅದಕ್ಕೆ ಯಾವ ಕಾರ್ಡೂ ಬೇಕಾಗಲಿಲ್ಲ, ಅಲಾರಂ ಬದಲಾಯಿಸಿದೆ ಅಷ್ಟೇ.

ಬೆಂಗಳೂರಿನ ವಿಷಯ ಏನಾಯಿತು ಅಂತ ಕೇಳುವವರಿಗೆ: ಮೂರು ವಾರ ಬಿಟ್ಟು ನಾನು ಇನ್ನೊಂದು ಸಲ ಕಾರ್ಡು ಹಾಕಿದೆ. ಹತ್ತರಲ್ಲಿ ಏಳು ಅವೇ ಬಂದವು. ಮೊದಲ ಸಲ ಇದ್ದ "ಸಾಧನೆ", "ಸವಾಲು" ಎರಡನೇ ಸಲ ಜಾರಿಹೋದವು. ಮೊದಲ ಸಲ ನಾನು ಹೇಗೆ ಕಾಣಬೇಕು ಅಂದುಕೊಂಡಿದ್ದೆನೋ ಹಾಗೆ ಹಾಕಿದ್ದೆ ಅನಿಸುತ್ತದೆ. ಆ "ಅಧಿಕಾರ"ದ ಕಾರ್ಡು ಮಾತ್ರ ಎರಡು ಸಲವೂ ಮುಖ್ಯವಲ್ಲದ ಗುಡ್ಡೆಗೇ ಹೋಯಿತು, ವಿವರಣೆ ಓದಿದ ಮೇಲೂ. ಪ್ರಿನ್ಸಿಪಾಲ್ ಅಂದರೆ ಬೆಳಗ್ಗೆಯಿಂದ ಸಂಜೆವರೆಗೆ ಅದೇ ಕೆಲಸ. ವಾರಕ್ಕೆ ಹತ್ತು ಪೀರಿಯಡ್ ಪಾಠಕ್ಕೆ ಕೊಡುತ್ತೀರಾ ಅಂತ ಆ ಶಾಲೆಯವರನ್ನು ಕೇಳಿದೆ. ಆಗುವುದಿಲ್ಲ ಅಂದರು. ಹಾಗಾದರೆ ಬೇಡ ಅಂದೆ. ನಾಲ್ಕು ತಿಂಗಳಾಯಿತು. ಸಂಬಳದ ದಿನ ಒಂದು ಕ್ಷಣ ಅನಿಸುತ್ತದೆ, ಲ್ಯಾಬಿನಲ್ಲಿ ಮಕ್ಕಳ ಜೊತೆ ನಿಂತಾಗ ಅನಿಸುವುದಿಲ್ಲ. ಕಾರ್ಡು ಹೇಳಿದ್ದಕ್ಕೆ ಬಿಟ್ಟೆ ಅಂತ ಅಲ್ಲ. ಆ ಶಾಲೆಗೆ ಯಾವ ಪ್ರಶ್ನೆ ಕೇಳಬೇಕು ಅಂತ ನನಗೆ ಕಾರ್ಡಿನಿಂದ ಗೊತ್ತಾಯಿತು.

ಯಾರಿಗೆ ಬೇಡ ಅಂದರೆ, ಅರ್ಧ ಗಂಟೆಯಲ್ಲಿ ಫಲಿತಾಂಶ ಬೇಕು ಅನ್ನುವವರಿಗೆ. ಮನಸ್ಸು ತುಂಬಾ ಕುಗ್ಗಿರುವವರು ಒಬ್ಬರೇ ಕೂತು ಮಾಡದೆ, ಗೊತ್ತಿರುವ ಕೌನ್ಸೆಲರ್ ಜೊತೆ ಮಾಡುವುದು ಒಳ್ಳೆಯದು. ಸೊಸೆ ಅತ್ತೆಯನ್ನು, ಅಪ್ಪ ಮಗನನ್ನು ಸರಿಮಾಡಲು ಇದನ್ನು ತಂದರೆ ಮೊದಲ ಹತ್ತು ಕಾರ್ಡಿಗೇ ಎದ್ದು ಹೋಗುತ್ತಾರೆ. ಪಿಯು ಮುಗಿಸಿ ಮುಂದೇನು ಅಂತ ಕೂತಿರುವ ಮಕ್ಕಳಿಗೆ ಧಾರಾಳವಾಗಿ ಕೊಡಿ, ಆದರೆ ಪಕ್ಕದಲ್ಲಿ ಕೂತು ಅವರ ಕೈ ನೋಡಬೇಡಿ. ಖಾಲಿ ಕಾರ್ಡು ಎರಡು ಸಾಲದು, ಆರಾದರೂ ಕತ್ತರಿಸಿಟ್ಟುಕೊಳ್ಳಿ.

ಕಾರ್ಡೆಲ್ಲ ಈಗ ಫ್ರಿಜ್ ಮೇಲೆ ಹಳೇ ಬಿಸ್ಕತ್ತಿನ ಡಬ್ಬದಲ್ಲಿವೆ. ಋಣದ ಕಾರ್ಡು ಮಾತ್ರ ಅದರಲ್ಲಿಲ್ಲ. ಇವರು ಅಂಗಡಿಗೆ ತೆಗೆದುಕೊಂಡು ಹೋಗಿ ಉದ್ರಿ ಪುಸ್ತಕದೊಳಗೆ ಇಟ್ಟುಕೊಂಡಿದ್ದಾರೆ. ಮುಂದಿನ ವಾರ ನಾದಿನಿ ಮನೆಯವರು ಬರುತ್ತಾರೆ, ಅವರೂ ಮಾಡಬೇಕಂತೆ. ಅಷ್ಟರೊಳಗೆ ಅತ್ತೆಯ ಹತ್ತಿರ ಇನ್ನೊಂದು ಬರೆಸಿ ಹಾಕಬೇಕು.